ಐದೂವರೆ ಮನೆ ಪಿಟೀಲು

"ಅದನ್ನ ಮುಟ್ಬೇಡ!"

ಸುಜಯ್ ಕೂಗಿದ್ದು ತಡವಾಯಿತು. ಸುಕೃತಿಯ ಬೆರಳು ಆಗಲೇ ಮೇಜಿನ ಮೇಲಿಟ್ಟ ಪಿಟೀಲಿನ ತಂತಿ ಮೀಟಿಬಿಟ್ಟಿತ್ತು.

ಆರು ವರ್ಷದ ಮೇಲೆ ಎದುರಿಗೆ ಬಂದವನು ಆಡುವ ಮೊದಲ ಮಾತು ಇದಾ?

ಪೀಣ್ಯ ಎರಡನೇ ಹಂತದ ಅವಳ ಪುಟ್ಟ ಲೇತ್ ಶೆಡ್ಡಿಗೆ, ದೇಶವೇ ಕೊಂಡಾಡುವ ಪಿಟೀಲು ವಿದ್ವಾಂಸ ಬೆಳಿಗ್ಗೆ ಬೆಳಿಗ್ಗೆ ಬಂದಿಳಿದಿದ್ದ. ತಂತಿ ಬಿಗಿ ಮಾಡೋ ಸಣ್ಣ ಸ್ಕ್ರೂ ಒಂದು ಮುರಿದಿದೆಯಂತೆ. ಸಂಜೆ ವೈಟ್‌ಫೀಲ್ಡಿನಲ್ಲಿ ಕಛೇರಿಯಂತೆ. ಅರ್ಜೆಂಟಂತೆ!

ಸುಕೃತಿಗೆ ಅದೇನೂ ತಲೆಗೆ ಹೋಗಲಿಲ್ಲ. ಕಿವಿಯಲ್ಲಿ ಆ ತಂತಿಯದೇ ನಾದ.

ಐದೂವರೆ ಮನೆ! ಹೆಣ್ಣು ದನಿಯ ಶ್ರುತಿ!

ಹಾಡುವವರ ಶ್ರುತಿ ಎಷ್ಟನೇ ಮನೆಯೋ, ಪಿಟೀಲನ್ನೂ ಅದಕ್ಕೇ ಕೂಡಿಸಬೇಕು. ಒಂದು ಕಾಲಕ್ಕೆ ಐದೂವರೆ ಅವಳದೇ ಶ್ರುತಿ. ಸಂಗೀತ ಕಲಿಸುವ ಶಿವಲಿಂಗಮ್ಮ ಟೀಚರ್ ಮನೆಯಲ್ಲಿ ಅವಳು ಹಾಡುತ್ತಿದ್ದಳು, ಇವನು ನುಡಿಸುತ್ತಿದ್ದ. ಅಪ್ಪ ಹಾಸಿಗೆ ಹಿಡಿದ ಮೇಲೆ ಶೆಡ್ಡು ಅವಳ ಹೆಗಲಿಗೆ ಬಂತು, ಹಾಡು ನಿಂತಿತು. ಇವನು ವೇದಿಕೆ ವೇದಿಕೆ ಏರುತ್ತಾ ಹೋದ. ಅವನ ಫೋನ್ ಬಂದಾಗಲೆಲ್ಲ ಕಟ್ ಮಾಡಿದವಳು ಅವಳೇ, ಆಮೇಲೆ ಅತ್ತವಳೂ ಅವಳೇ.

ಈಗ ಅವನ ಪಕ್ಕದಲ್ಲಿ ಹಾಡುವವಳು ಲಾವಣ್ಯ. ಪೋಸ್ಟರಿನಲ್ಲಿ ಲಾವಣ್ಯ, ಪೇಪರಿನಲ್ಲಿ ಲಾವಣ್ಯ! ಅವಳ ವಿಡಿಯೊ ಬಂದರೆ ಸುಕೃತಿ ಸೌಂಡ್ ಆಫ್ ಮಾಡಿ, ಸೀರೆ ಮಾತ್ರ ನೋಡಿ, ಬೈದು ಮುಂದಕ್ಕೆ ತಳ್ಳುತ್ತಿದ್ದಳು. ಇವತ್ತಿನವರೆಗೂ ಅವಳ ಒಂದೇ ಒಂದು ಹಾಡು ಕೇಳಿಲ್ಲ. ಹಟ ಅಂದರೆ ಹಟ.

"ಲಾವಣ್ಯಂಗೆ ಅಂತಾನೇ ಬೇರೆ ಪಿಟೀಲು ಇಟ್ಟಿದ್ದೀಯಾ?"

"ಸುಕೃತಿ, ಅದು…"

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಲಾವಣ್ಯಳ ಹೆಸರು.

"ಎತ್ತು. ಪಾಪ, ಕಾಯ್ತಿರ್ತಾರೆ."

'ನನ್ನ ಶ್ರುತಿಯನ್ನೂ ಅವಳಿಗೇ ಕೊಟ್ಟುಬಿಟ್ಟನಾ…'

ಲೇತ್ ನಡೆಸುವ ಗದಗಿನ ಸೋಮಪ್ಪ ಮುರಿದ ಸ್ಕ್ರೂವನ್ನು ಬೆಳಕಿಗೆ ಹಿಡಿದ. "ಮೇಡಂ, ಇದು ತಾನಾಗಿ ಮುರಿದಿದ್ದಲ್ರೀ. ಯಾರೋ ಇಕ್ಕಳದಾಗ ಹಿಡದು ಮುರಿದಾರ."

"ಯಾರಾದ್ರೂ ಮುರೀಲಿ! ಬೇಗ ಮಾಡಿ ಕೊಟ್ಟು ಕಳ್ಸಿ."

ಹಿತ್ತಾಳೆಯ ಹೊಸ ಸ್ಕ್ರೂ ಕೂರಿಸಿಕೊಂಡು ಹೊರಟ ಸುಜಯ್ ಬಾಗಿಲಲ್ಲಿ ಪಾಸ್ ಚಾಚಿದ. "ಸಂಜೆ ಬಾ. ನಾಳಿದ್ದು ಟೂರ್‌ಗೆ ಹೊರಟ್ರೆ ವರ್ಷ ಪೂರ್ತಿ ಬರಲ್ಲ."

"ನಂಗೆ ಕೆಲ್ಸ ಇದೆ."

ಕೆಲಸ ಇದ್ದವಳು ನಾಲ್ಕಕ್ಕೇ ಮೆಟ್ರೊ ಹತ್ತಿದ್ದಳು! ಆ ಲಾವಣ್ಯಳಲ್ಲಿ ಅಂಥದ್ದೇನಿದೆ ಅಂತ ಒಮ್ಮೆ ನೋಡಿಬಿಡಬೇಕಿತ್ತು, ಅಷ್ಟೇ. ಹಾಗಂತ ತನಗೆ ತಾನೇ ಹೇಳಿಕೊಂಡು ಕೊನೆಯ ಸಾಲಿನಲ್ಲಿ ಕೂತಳು.

ತಂಬೂರಿ ಮಿಡಿಯಿತು. ಲಾವಣ್ಯ ಬಾಯಿ ತೆರೆದಳು.

ಸುಕೃತಿ ಕೂತಲ್ಲೇ ನೆಟ್ಟಗಾದಳು.

ನಾಲ್ಕೂವರೆ ಮನೆ! ಲಾವಣ್ಯಳದು ಐದೂವರೆ ಅಲ್ಲವೇ ಅಲ್ಲ…

ಸುಜಯ್ ಕೈಯಲ್ಲಿದ್ದದ್ದು ಬೇರೆಯೇ ಪಿಟೀಲು. ಹಿತ್ತಾಳೆ ಸ್ಕ್ರೂವಿನದು ಅವನ ಪಕ್ಕದಲ್ಲಿ, ಪೆಟ್ಟಿಗೆಯಲ್ಲೇ ಮಲಗಿತ್ತು. ಎರಡು ಗಂಟೆ ಕಳೆದರೂ ಅದನ್ನು ಅವನು ಎತ್ತಲಿಲ್ಲ. ಲಾವಣ್ಯ ಚೆನ್ನಾಗಿಯೇ ಹಾಡಿದಳು. ಅದನ್ನು ಒಪ್ಪಿಕೊಳ್ಳಲು ಸುಕೃತಿಗೆ ಮಂಗಳ ಮುಗಿಯುವವರೆಗೂ ಬೇಕಾಯಿತು.

ಗ್ರೀನ್ ರೂಮಿನ ಬಾಗಿಲಲ್ಲಿ ಲಾವಣ್ಯಳೇ ಎದುರಾದಳು. "ಸುಕೃತಿ ಅಲ್ವಾ? ಸುಜಯ್ ಪಿಟೀಲು ಪೆಟ್ಟಿಗೆ ಮುಚ್ಚಳದಲ್ಲಿ ನಿಮ್ಮ ಫೋಟೊ ನೋಡಿ ನೋಡಿ ಸಾಕಾಗಿದೆ ಕಣ್ರೀ! ಹೋಗಿ ಒಳಗೆ. ನಮ್ಮೆಜಮಾನ್ರು ಕಾರಲ್ಲಿ ಕಾಯ್ತಿದ್ದಾರೆ."

ನಮ್ಮೆಜಮಾನ್ರು! ಸುಕೃತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸುಜಯ್ ಒಳಗೆ ಒಬ್ಬನೇ ಇದ್ದ.

"ಆ ಪಿಟೀಲು… ಯಾರಿಗೆ?"

"ಆರು ವರ್ಷದಿಂದ ಒಬ್ಬರದೇ ಶ್ರುತೀಲಿದೆ. ದಿನಾ ಕೂಡಿಸ್ತೀನಿ, ಮುಚ್ಚಿಡ್ತೀನಿ. ಹಾಡೋರು ಫೋನೇ ಎತ್ತಲ್ಲ."

ಅವಳ ಕಣ್ಣು ತುಂಬಿತು. "ಮತ್ತೆ ಬೆಳಿಗ್ಗೆ ಮುಟ್ಬೇಡ ಅಂದೆ?"

"ಮುಟ್ಟಿದ್ರೆ ನಿಂಗೆ ಗೊತ್ತಾಗ್ಬಿಡುತ್ತೆ ಅಂತ ಭಯ ಆಯ್ತು. ನಾನೇ ಬಾಯ್ಬಿಟ್ಟು ಹೇಳ್ಬೇಕು ಅಂತ ಬಂದಿದ್ದೆ."

"ಗೊತ್ತಾಗ್ಲಿಲ್ಲ ಕಣೋ! ಹೊಟ್ಟೆಕಿಚ್ಚು… ಅವ್ರ ಒಂದು ಹಾಡೂ ಕೇಳಿರ್ಲಿಲ್ಲ ನಾನು. ಕೇಳಿದ್ದಿದ್ರೆ ಆ ಕ್ಷಣಾನೇ ತಿಳೀತಿತ್ತು." ಥಟ್ಟನೆ ಅವಳಿಗೆ ಸೋಮಪ್ಪನ ಮಾತು ನೆನಪಾಯಿತು. "ಏಯ್, ಆ ಸ್ಕ್ರೂ… ಇಕ್ಕಳ ಹಾಕಿದ್ದು ಯಾರು?"

ದೊಡ್ಡ ವಿದ್ವಾಂಸ ನೆಲ ನೋಡಿದ.

"ನಿಮ್ಮ ಶೆಡ್ಡಿಗೆ ಬರಕ್ಕೆ ಇನ್ನೇನು ನೆಪ ಇತ್ತು ಹೇಳು? ಟೂರ್ ಮುಗಿಸ್ಕೊಂಡು ನಿಮ್ಮನೇಗೇ ಬರ್ತೀನಿ. ಕಾಯ್ತೀಯಾ?"

"ಫೋನ್ ಮಾಡ್ತಿರು. ಇನ್ಮೇಲೆ ಎತ್ತುತ್ತೀನಿ."

ಸುಜಯ್ ಕೆಳಗೆ ಕೂತು ಆ ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟುಕೊಂಡ. ಐದೂವರೆ ಮನೆ ಷಡ್ಜ ಕೋಣೆಯ ತುಂಬ ಹರಡಿತು.

"ಗಂಟಲು ತುಕ್ಕು ಹಿಡ್ದಿದೆ ಸುಜಯ್…"

"ಪೀಣ್ಯದವಳು ತುಕ್ಕಿಗೆ ಹೆದರ್ತೀಯಾ? ಹಾಡು."

ಅಳುತ್ತಲೇ ನಕ್ಕು, ಅವನೆದುರು ಕೂತು, ಸುಕೃತಿ 'ಸ' ಹಿಡಿದಳು. ದನಿ ಮೊದಲು ನಡುಗಿತು, ಆಮೇಲೆ ಸೇರಿಕೊಂಡಿತು.