ಮೂರನೆಯ ಸಿಳ್ಳೆ

ಗುಬ್ಬಿಗೆ ಆಗಿನ್ನೂ ಮೊಬೈಲ್ ಬಂದಿರಲಿಲ್ಲ. ೧೯೯೮ನೇ ಇಸವಿ. ಗುಬ್ಬಿಯಿಂದ ತುಮಕೂರಿಗೆ ಹೊರಡುವ ಎಂಟು ಗಂಟೆಯ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಅಂಜನಮೂರ್ತಿ, ಡ್ರೈವರ್ ಯಲ್ಲಯ್ಯನಿಗೆ ಎರಡು ಸಿಳ್ಳೆ ಹೊಡೆಯುತ್ತಿದ್ದ. ಮೂರನೆಯದು ದಿನಾ ಅದೇ ಬಸ್ಸಿಗೆ ಕೆಲಸಕ್ಕೆ ಹೋಗುವ ಅನುಪಮಾಗೆ. ಇಡೀ ಬಸ್ಸಿಗೇ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕೂರುತ್ತಿದ್ದವಳು ಅವಳೊಬ್ಬಳೇ.

ಶ್ರಾವಣದಲ್ಲಿ ಸಿಳ್ಳೆ ನಿಂತಿತು. ಅವನು ಬಾಗಿಲ ತಗಡು ತಟ್ಟಿ "ರೈಟ್" ಅನ್ನತೊಡಗಿದ. ಬೇರೆ ಯಾರೋ ಸಿಕ್ಕಿರಬೇಕೆಂದು ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೆಯ ದಿನ ಕೇಳಿಯೇಬಿಟ್ಟಳು.

"ಯಾಕ್ರೀ, ಸಿಳ್ಳೆ ಮರ್ತೋಯ್ತಾ?"

"ಬರ್ತಿಲ್ಲ ಮೇಡಂ. ತುಟಿ ಮುಂದೆ ಮಾಡಕ್ಕೇ ಆಗ್ತಿಲ್ಲ."

ತುಮಕೂರಿನ ಬಟವಾಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅವಳು ಗುಟ್ಕಾ ತಿಂದು ಬಿಗಿದ ಇಂಥ ಬಾಯಿಗಳನ್ನು ನೋಡಿದ್ದಳು. ಅವತ್ತೇ ಅವನನ್ನು ಕರೆದೊಯ್ದಳು. ಬಾಯಿ ತೆರೆದರೆ ಮೂರು ಬೆರಳು ಹಿಡಿಸಬೇಕು. ಅವನಿಗೆ ಎರಡೇ ಹಿಡಿಸಿದವು.

"ಗುಟ್ಕಾ ಬಿಡದಿದ್ರೆ ನಾಳೆ ಅನ್ನಕ್ಕೂ ಬಾಯಿ ತೆರೆಯಲ್ಲ. ಕ್ಯಾನ್ಸರ್ ಕೂಡ ಬರಬಹುದು," ಎಂದರು ಡಾಕ್ಟರು.

"ನಿಮ್ಮಾಣೆ, ಇನ್ನು ಮುಟ್ಟಲ್ಲ," ಎಂದ ಅವಳಿಗೆ.

ಮೂರು ಸಲ ಆಣೆ ಮಾಡಿದ. ಮೂರು ಸಲವೂ ಜೇಬಿನಲ್ಲಿ ಪ್ಯಾಕೆಟ್ ಸಿಕ್ಕಿತು. ತನ್ನ ಮೇಲೆ ಪ್ರೀತಿ ಇದ್ದಿದ್ದರೆ ಬಿಡುತ್ತಿದ್ದ ಎಂದು ಅವಳು ಅತ್ತಳು.

"ಬೇಡ ಬೇಡ ಅಂತಾನೇ ಪ್ಯಾಕೆಟ್ ಹರೀತೀನಿ ಅನು. ಬಾಯಿಗೆ ಹಾಕ್ಕೊಂಡ್ಮೇಲೇ ಗೊತ್ತಾಗೋದು."

ಇದು ಪ್ರೀತಿ ಸಾಲದ್ದಕ್ಕಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಆಣೆಗಳು ಅವನಿಗೆ ಸುಳ್ಳು ಹೇಳುವುದನ್ನಷ್ಟೇ ಕಲಿಸಿದ್ದವು.

"ಆಣೆ ಬೇಡ ಕಣೋ. ದಿನಾ ಎಷ್ಟು ತಿಂದೆ ಅಂತ ನನ್ ಟಿಕೆಟ್ ಹಿಂದೆ ಬರ್ಕೊಡು. ನಿಜ ಬರಿ, ಬೈಯಲ್ಲ."

ಹನ್ನೊಂದು. ಒಂಬತ್ತು. ಐದು. ಮತ್ತೆ ಹದಿನಾಲ್ಕು, ಅವತ್ತು ಅವನು ತಲೆಯೆತ್ತಲಿಲ್ಲ. ಅವಳು ಟಿಕೆಟ್ ಮಡಚಿ ಪರ್ಸಿನಲ್ಲಿಟ್ಟು, "ನಾಳೆ ಸಿಗ್ತೀನಿ" ಎಂದಳು, ಅಷ್ಟೇ. ಔಷಧಿ, ಬಾಯಿಯ ವ್ಯಾಯಾಮ, ಜಗಳ, ಮತ್ತೆ ಟಿಕೆಟ್. ಯುಗಾದಿ ಕಳೆದು ಒಂದು ಬೆಳಿಗ್ಗೆ ಸೊನ್ನೆ ಬಂತು. ಆಮೇಲೆ ತಿಂಗಳಿಡೀ ಸೊನ್ನೆ.

ತಿಂಗಳು ತುಂಬಿದ ದಿನ ಅವನು ಫುಟ್‌ಬೋರ್ಡಿನ ಮೇಲೆ ನಿಂತು, ಅವಳನ್ನೇ ನೋಡುತ್ತ ತುಟಿ ಮುಂದೆ ಮಾಡಿದ. ಬರೀ ಗಾಳಿ ಬಂತು. ಅವನ ಮುಖ ಬಾಡಿತು.

ಅನುಪಮಾ ಎದ್ದು ನಿಂತಳು. ಎರಡು ಬೆರಳು ಬಾಯಿಗಿಟ್ಟು, ಹಿತ್ತಲಲ್ಲಿ ತಿಂಗಳಿಂದ ಕದ್ದು ಕಲಿತಿದ್ದ ಸಿಳ್ಳೆಯನ್ನು ಗುಬ್ಬಿ ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ಹೊಡೆದಳು. ಒಂದು, ಎರಡು, ಮೂರು.

"ಅಯ್ಯೋ, ಹೆಣ್ಮಗಳು ಸಿಳ್ಳೆ ಹೊಡಿಯೋದಾ!" ಎಂದರು ಮುಂದಿನ ಸೀಟಿನ ಅಜ್ಜಿ.

ಯಲ್ಲಯ್ಯ ಗೇರ್ ಹಾಕುತ್ತ ಹಿಂದಕ್ಕೆ ತಿರುಗಿದ. "ಎರಡು ನಂಗೆ, ಸರಿ. ಮೂರನೇದು ಯಾರ್ದಮ್ಮಾ?"

"ನಂದು ಯಲ್ಲಯ್ಯಣ್ಣ," ಎಂದ ಅಂಜನಮೂರ್ತಿ, ಬಾಯಿ ಎಷ್ಟು ತೆರೆಯುತ್ತಿತ್ತೋ ಅಷ್ಟೂ ನಗುತ್ತ.