ಮೇಪಲ್ ಮರದಿಂದ ಕಂಡದ್ದು

“ಇಳಿಯಲ್ಲ ಅಂದ್ರೆ ಇಳಿಯಲ್ಲ!” ವೆಲ್ಮಾ ಮೇಪಲ್ ಮರದ ಮೇಲಿನಿಂದ ಕೂಗಿದಳು.

“ನಿನ್ನ ತಲೆ ನೋಡ್ಕೊಂಡಿದೀಯೇನೆ? ಕಾಗೆ ಬಂದು ಮೊಟ್ಟೆ ಇಟ್ಟು ಹೋಗುತ್ತೆ!” ಕೆಳಗೆ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಬಕೆಟ್‌ನಲ್ಲಿ ಬಾಚಣಿಗೆ ಕಳಿಸು.”

“ನಿನ್ನೆ ಕಳಿಸಿದ್ನಲ್ಲ! ಅದನ್ನ ಕ್ಲೀಟಸನ ಮೇಲೆ ಎಸೆದೋರು ಯಾರು?”

ರಸ್ತೆಯಾಚೆಯ ವಾಲ್‌ನಟ್ ಮರದಲ್ಲಿ ಕೂತಿದ್ದ ಕ್ಲೀಟಸ್ ಕಿಸಕ್ಕನೆ ನಕ್ಕ. “ಅದು ನನ್ನ ಹತ್ರ ಇದೆ, ಮಿಸೆಸ್ ಟಟಲ್! ನಾನು ದಿನಾ ತಲೆ ಬಾಚ್ಕೋತೀನಿ!”

ಅದು ಅಮೆರಿಕದಲ್ಲಿ ೧೯೩೦ರ ಬೇಸಿಗೆ. ಎರಡು ವರ್ಷದ ಹಿಂದೆ, ಊರ ತುಂಬ ದುಡ್ಡು ಓಡಾಡುತ್ತಿದ್ದಾಗ, ದೊಡ್ಡವರು ಬಾವುಟದ ಕಂಬದ ತುದಿಯಲ್ಲಿ ದಿನಗಟ್ಟಲೆ ಕೂತು ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುತ್ತಿದ್ದರು. ಈಗ ದೊಡ್ಡವರಿಗೆ ಆ ಹುಮ್ಮಸ್ಸು ಉಳಿದಿರಲಿಲ್ಲ. ಟೈರ್ ಕಾರ್ಖಾನೆಯ ಸಾಲು ಚಿಮಣಿಗಳಲ್ಲಿ ಒಂದರಿಂದ ಮಾತ್ರ ಹೊಗೆ ಬರುತ್ತಿತ್ತು; ವಾರವಾರವೂ ಒಂದಷ್ಟು ಜನರ ಕೆಲಸ ಹೋಗುತ್ತಿತ್ತು. ಆದರೆ ಮಕ್ಕಳ ಹುಮ್ಮಸ್ಸಿಗೆ ಏನೂ ಆಗಿರಲಿಲ್ಲ. ಕಂಬ ಹತ್ತಲು ಬಿಡುವವರಿಲ್ಲದ್ದರಿಂದ ಅವರು ಮರ ಹತ್ತಿ ಕೂತರು.

ಯಾರ ಕಾಲು ಮೊದಲು ನೆಲ ಮುಟ್ಟುತ್ತದೋ ಅವರು ಸೋತಂತೆ. ಕ್ಲೀಟಸನ ಅಜ್ಜಿಯೇ ರೆಫ್ರಿ. ಆಕೆ ವರಾಂಡದ ತೂಗುಕುರ್ಚಿಯಲ್ಲಿ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಕೂತಿರುತ್ತಿದ್ದಳು. ಆಕೆ ಸೀಟಿ ಊದಿದಾಗ ಮಾತ್ರ ಇಬ್ಬರಿಗೂ ಟಾಯ್ಲೆಟ್ ರಜೆ. ಅಜ್ಜಿಗೆ ನಿದ್ದೆ ಬಂದರೆ ಇಬ್ಬರ ಪಾಡೂ ಕಷ್ಟ.

ವೆಲ್ಮಾ ಸೋಲುವ ಹಾಗೇ ಇರಲಿಲ್ಲ. “ಹುಡುಗೀರು ಕತ್ತಲಾದ್ರೆ ಅಳ್ತಾ ಇಳಿದುಬಿಡ್ತಾರೆ” ಎಂದು ಕ್ಲೀಟಸ್ ಇಡೀ ಕ್ಲಾಸಿನ ಮುಂದೆ ಹೇಳಿದ್ದ. ಅವನು ಆ ಮಾತನ್ನು ಎಲ್ಲರ ಮುಂದೆ ವಾಪಸ್ ತಗೊಳ್ಳಬೇಕು.

ಆದರೆ ಮರದ ಮೇಲಿಂದ ಊರೆಲ್ಲ ಕಾಣುತ್ತಿತ್ತು. ಅದೇ ತೊಂದರೆಯಾಯಿತು.

ಪ್ರತಿ ಬೆಳಗ್ಗೆ ಅಪ್ಪ ಊಟದ ಡಬ್ಬಿ ಹಿಡಿದು, “ಇವತ್ತು ವಿಪರೀತ ಕೆಲಸ ಕಣೇ” ಎಂದು ಅಮ್ಮನಿಗೆ ಹೇಳಿ, ಮರದತ್ತ ಕೈಬೀಸಿ ಹೊರಡುತ್ತಿದ್ದ. ಮೊದಲ ದಿನ ವೆಲ್ಮಾ ಸುಮ್ಮನೆ ಅವನ ಟೋಪಿಯನ್ನೇ ನೋಡುತ್ತಿದ್ದಳು. ಟೋಪಿ ಮೂಲೆಯವರೆಗೆ ಹೋಯಿತು. ಕಾರ್ಖಾನೆ ಎಡಕ್ಕೆ. ಟೋಪಿ ಬಲಕ್ಕೆ ತಿರುಗಿತು. ಚರ್ಚಿನ ಹಿಂದೆ ಸುತ್ತಿ, ಖಾಲಿ ಬೇಸ್‌ಬಾಲ್ ಮೈದಾನಕ್ಕೆ ಹೋಗಿ, ಬೆಂಚಿನ ಮೇಲೆ ಕೂತಿತು. ಕೂತ ಕೂಡಲೇ ಡಬ್ಬಿ ತೆರೆದು ಸ್ಯಾಂಡ್‌ವಿಚ್ ತಿಂದಿತು!

ಕ್ಲೀಟಸನೂ ಅದನ್ನು ನೋಡಿದ. “ಏಯ್ ವೆಲ್ಮಾ! ನಿಮ್ಮಪ್ಪ ಕೆಲಸಕ್ಕೆ ಚಕ್ಕರ್ ಹೊಡೆದು ಮೈದಾನದಲ್ಲಿ…”

ಅಷ್ಟಕ್ಕೇ ಅವನ ಬಾಯಿ ಕಟ್ಟಿಹೋಯಿತು. ಮೈದಾನದ ಇನ್ನೊಂದು ಕಡೆಯಿಂದ, ಅಂಥದ್ದೇ ಡಬ್ಬಿ ಹಿಡಿದು, ಅವನ ಅಪ್ಪನೂ ಬರುತ್ತಿದ್ದ.

ಕ್ಲೀಟಸನ ನಾಯಿ ಟಟಲ್‌ರ ಮನೆಯ ಹಬ್ಬದ ಟರ್ಕಿ ಕೋಳಿಯನ್ನು ಎಳೆದುಕೊಂಡು ಹೋದಂದಿನಿಂದ ಈ ಇಬ್ಬರು ಅಪ್ಪಂದಿರಿಗೆ ಮಾತಿರಲಿಲ್ಲ. ಆದರೆ ಮೈದಾನದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಹಳೆಯ ಡಬ್ಬವೊಂದನ್ನು ನಿಲ್ಲಿಸಿ ಕಲ್ಲು ಹೊಡೆಯುವ ಆಟ ಶುರು ಮಾಡಿದರು. ಕಲ್ಲು ತಾಗಿತೋ ಇಲ್ಲವೋ ಎಂದು ಹುಡುಗರ ಹಾಗೆ ಜಗಳವನ್ನೂ ಆಡಿದರು.

ಆಮೇಲೆ ದಿನವೂ ಅದೇ. ಮರದ ಮೇಲಿನ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಮಿಕ್ಕ ಎಲ್ಲದಕ್ಕೂ ಮೊದಲಿಗಿಂತ ಜೋರಾಗಿ ಜಗಳವಾಡಿದರು.

“ನೀನು ಇಳಿಯದಿದ್ರೆ ಬೇಡ. ನಾನೇ ಬರ್ತೀನಿ!”

ಅಮ್ಮನ ದನಿಗೆ ವೆಲ್ಮಾ ಬೆಚ್ಚಿ ಕೆಳಗೆ ನೋಡಿದಳು. ಅಮ್ಮ ಮರಕ್ಕೆ ಏಣಿ ಒರಗಿಸಿ, ತಲೆ ಬಾಚುವ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು, ಆಗಲೇ ಹತ್ತುತ್ತಿದ್ದಳು.

ವೆಲ್ಮಾ ಮೈದಾನದತ್ತ ನೋಡಿದಳು. ಅಪ್ಪನ ಕಲ್ಲು ಡಬ್ಬಕ್ಕೆ ತಾಗಿರಬೇಕು. ಅವನು ಬೆಂಚಿನ ಮೇಲೆ ನಿಂತು ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಅಮ್ಮ ಇನ್ನು ಸ್ವಲ್ಪ ಮೇಲೆ ಬಂದರೆ ಸಾಕು, ಎಲ್ಲ ಕಾಣುತ್ತದೆ.

“ಅಮ್ಮಾ, ಬರಬೇಡ! ಏಣಿ ಮುರಿಯುತ್ತೆ!”

“ಉಂ ಉಂ,” ಎಂದಳು ಅಮ್ಮ, ಬ್ರಷ್ಷಿನ ಮೂಲಕ. ಇನ್ನೊಂದು ಮೆಟ್ಟಿಲು ಹತ್ತಿದಳು.

ಎದುರಿನ ಮರದಲ್ಲಿ ಕ್ಲೀಟಸ್ ಬಾಯಿ ತೆರೆದು ಕೂತಿದ್ದ. ಇವನ ಎದುರು ಸೋಲುವುದೇ? ವೆಲ್ಮಾ ಕಣ್ಣು ಮುಚ್ಚಿ, ಮರದ ಇನ್ನೊಂದು ಬದಿಯನ್ನು ತಬ್ಬಿಕೊಂಡು, ಸರ್ರನೆ ಜಾರಿದಳು. ಧೊಪ್ಪೆಂದು ನೆಲಕ್ಕೆ ಬಿದ್ದಳು.

ಪೀ…! ಅಜ್ಜಿಯ ಸೀಟಿ ಬೀದಿಗೆಲ್ಲ ಕೇಳಿತು.

“ಅಮ್ಮಾ, ಬೇಗ ಬಾ! ಮಂಡಿ ತರಚಿಹೋಯ್ತು!” ಮಂಡಿ ನಿಜವಾಗಿಯೂ ತರಚಿಹೋಗಿತ್ತು.

“ನಾನು ಇಷ್ಟು ಕಷ್ಟಪಟ್ಟು ಹತ್ತಿದ ಮೇಲೆ ಇಳಿದೆಯಲ್ಲೇ!” ಅಮ್ಮ ಗೊಣಗುತ್ತ ಏಣಿ ಇಳಿದಳು.

“ನಮ್ಮ ಕ್ಲೀಟಸ್ ಗೆದ್ದ!” ಅಜ್ಜಿ ತೂಗುಕುರ್ಚಿಯಿಂದ ಎದ್ದೇಬಿಟ್ಟಳು. “ಕದಲಬೇಡ ಕಂದ! ಪೇಪರಿನವರನ್ನ ಕರೆಸ್ತೀನಿ. ಅವರೂ ಅಲ್ಲೇ ಹತ್ತಿ ನಿನ್ನ ಫೋಟೋ ತೆಗೀಲಿ. ನಿಮ್ಮಮ್ಮನೂ ಹತ್ತಿ ಪಕ್ಕದಲ್ಲಿ ಕೂರಲಿ!”

ಕ್ಲೀಟಸ್ ಒಮ್ಮೆ ಅಜ್ಜಿಯನ್ನು ನೋಡಿದ. ಒಮ್ಮೆ ಮೈದಾನವನ್ನು ನೋಡಿದ. ಆಲೂಗಡ್ಡೆ ಮೂಟೆಯ ಹಾಗೆ ಜಾರಿ ಕೆಳಗೆ ಬಿದ್ದ.

“ಸೊಳ್ಳೆ ಕಾಟ, ಅಜ್ಜಿ.”

“ಹಾಡುಹಗಲಲ್ಲಿ ಸೊಳ್ಳೆಯೇನೋ?” ಎನ್ನುವಾಗ ಊದಲೆಂದು ಎತ್ತಿದ್ದ ಸೀಟಿ ಅಜ್ಜಿಯ ಕೈಯಿಂದ ಜಾರಿತು.

ಕ್ಲೀಟಸ್ ರಸ್ತೆ ದಾಟಿ ಬಂದು ಬಾಚಣಿಗೆಯನ್ನು ವೆಲ್ಮಾಳ ಕೈಗೆ ಕೊಟ್ಟ. “ನಾನು ನಿನಗಿಂತ ಆಮೇಲೆ ಇಳಿದಿದ್ದು. ಗೆದ್ದಿದ್ದು ನಾನೇ.”

“ಗೊತ್ತು ಬಿಡೋ.”

ಹೊರಟವನು ತಿರುಗಿ, “ಹುಡುಗೀರು ಅಳ್ತಾರೆ ಅಂದಿದ್ನಲ್ಲ… ಅದು ಸುಮ್ನೆ ಅಂದಿದ್ದು” ಎಂದು ಓಡಿಹೋದ.

ಸಂಜೆ ಅಪ್ಪ ಬಂದ. “ಅಬ್ಬಬ್ಬಾ, ಇವತ್ತು ಟೈರೋ ಟೈರು!” ಎನ್ನುತ್ತ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತ. ವೆಲ್ಮಾಳ ಮಂಡಿಯ ಪಟ್ಟಿ ಕಣ್ಣಿಗೆ ಬಿತ್ತು. “ಯಾಕೆ ಪುಟ್ಟಿ, ಇಳಿದುಬಿಟ್ಟೆಯಂತೆ? ಗೆಲ್ತಿದ್ದೆಯಲ್ಲ!”

“ಬೇಜಾರಾಯ್ತು.”

ಅಪ್ಪ ಬಗ್ಗಿ ಶೂ ಲೇಸು ಬಿಚ್ಚತೊಡಗಿದ. ನಡುವೆ ಅವನ ಕೈ ನಿಂತಿತು. ತಲೆಯೆತ್ತಿ ಮೇಪಲ್ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ.

“ಅಷ್ಟು ಮೇಲಿಂದ… ಏನೇನು ಕಾಣ್ತಿತ್ತು?”

ವೆಲ್ಮಾ ಅವನ ಶೂಗಳನ್ನು ನೋಡಿದಳು. ಅಂಚಿಗೆಲ್ಲ ಮೈದಾನದ ಕೆಂಪು ಮಣ್ಣು ಮೆತ್ತಿತ್ತು.

“ಎಲೆ,” ಎಂದಳು. “ಬರೀ ಎಲೆ, ಅಪ್ಪ.”

ಅಪ್ಪ ಎರಡೂ ಶೂ ಬಿಚ್ಚಿ ಮೆಟ್ಟಿಲ ಪಕ್ಕ ಇಟ್ಟ. ಒಳಗಿಂದ ಅಮ್ಮ ಬರುವ ಸದ್ದಾಯಿತು. ವೆಲ್ಮಾ ಎರಡೂ ಶೂಗಳನ್ನು ಎತ್ತಿಕೊಂಡು ಬೇಲಿಯ ಹತ್ತಿರ ಹೋಗಿ, ಒಂದಕ್ಕೊಂದು ತಟ್ಟಿ, ಮಣ್ಣನ್ನೆಲ್ಲ ಉದುರಿಸಿದಳು.