ಕೆಂಪು ಗೆರೆಯ ಬೋರ್‌ವೆಲ್

"ಕೆಂಪು ಗೆರೆ ನೋಡ್ರಿ," ಪರದೆಗೆ ಬೆನ್ನು ಹಾಕಿ ನಿಂತೇ ರಕ್ಷಾ ಹೇಳಿದಳು. "ಆ ಬೋರ್‌ವೆಲ್ ಬತ್ತೇತಿ. ಮುಚ್ಚಿಸಿಬಿಡೂದು ಛಲೋ."

ಬಡಾವಣೆಗಳ ಬೋರ್‌ವೆಲ್ಲುಗಳಲ್ಲಿ ನೀರಿನ ಮಟ್ಟ ಅಳೆದು ವರದಿ ಕೊಡುವ ಸಹಕಾರನಗರದ ಪುಟ್ಟ ಆಫೀಸು ಅದು. ಎದುರಿಗಿದ್ದ ನಿವಾಸಿಗಳ ಸಂಘದ ಅಧ್ಯಕ್ಷೆ ನಾರಾಯಣಮ್ಮ ಕನ್ನಡಕ ಸರಿಮಾಡಿಕೊಂಡರು.

"ಕೆಂಪು ಅಂದ್ರೆ ಪಾರ್ಕ್ ಬೋರು ಅಂತ ಅಲ್ಲೇ ಬರ್ದೈತಲ್ಲಮ್ಮ. ಅದ್ರ ನೀರಲ್ಲೇ ಸ್ನಾನ ಮಾಡ್ಕಂಡು ಬಂದಿವ್ನಿ. ಇಂಗೆ ಹೇಳಕ್ಕಾ ನಿಮ್ಗೆ ಕೆಲಸ ಕೊಟ್ಟಿದ್ದು?"

ರಕ್ಷಾ ತಿರುಗಿ ನೋಡಿದಳು. ಕೆಂಪು ಗೆರೆ ನೆಟ್ಟಗೆ, ಆರೋಗ್ಯವಾಗಿ ಮಲಗಿತ್ತು. ಬತ್ತಿದ ಐದನೇ ಕ್ರಾಸಿನ ಬೋರು ತಿಳಿಹಸಿರಾಗಿತ್ತು. ಹದಿನೆಂಟು ಗೆರೆಗಳಿಗೂ ಒಂದೊಂದಾಗಿ ಅವಳು ಕೊಟ್ಟಿದ್ದ ಬಣ್ಣಗಳು ಯಾರ್ಯಾರದೋ ಪಾಲಾಗಿದ್ದವು.

ಹಿಂದಿನ ಕುರ್ಚಿಯಲ್ಲಿ ಸಹೋದ್ಯೋಗಿ ಬಾಲರಾಜ್ ತಲೆ ತಗ್ಗಿಸಿದ. ಯಾರ ಕೆಲಸವೆಂದು ತಿಳಿಯಲು ಅಷ್ಟು ಸಾಕಾಯಿತು ಅವಳಿಗೆ.

ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ಸುಬ್ರಮಣಿ ದನಿ ಏರಿಸಲಿಲ್ಲ. "ಸಂಜೆ ಒಳಗೆ ಸರಿಯಾದ ಚಾರ್ಟ್ ಕಳಿಸಿ. ನಿಮ್ಮ ಕೆಲಸ ಪರ್ಮನೆಂಟ್ ಮಾಡೋ ವಿಷಯ ಆಮೇಲೆ ನೋಡೋಣ."

ನೋಡದೇ ಹೋದರೆ ಪಿ.ಜಿ. ಖಾಲಿ ಮಾಡಿ ಗದಗಿಗೆ ಬಸ್ಸು ಹತ್ತಬೇಕು. ಅವಳು ಸೀದಾ ಬಾಲರಾಜನ ಟೇಬಲ್ಲಿಗೆ ಹೋದಳು.

"ನನ್ನ ಫೈಲ್ ಯಾಕ ಮುಟ್ಟಿದ್ರಿ?"

"ಟೇಬಲ್ನ ಎ ಟು ಝಡ್ ಸಾರ್ಟ್ ಮಾಡ್ದೆ ಕಣ್ರೀ. ಹೆಸರು ಹುಡ್ಕೋಕೆ ಈಸಿ ಆಗ್ಲಿ ಅಂತ. ಬಣ್ಣ ಹೆಸರಿನ ಜೊತೆನೇ ಹೋಗುತ್ತೆ ಅನ್ಕೊಂಡಿದ್ದೆ."

"ಬಣ್ಣ ಜಾಗಾಕ್ಕ ಅಂಟಿರ್ತೈತಿ. ಆ ಜಾಗಾಕ್ಕ ಯಾರು ಬಂದು ಕುಂತ್ರೂ ಅವ್ರಿಗೇ ಬರ್ತೈತಿ. ಗೊತ್ತಿರದಿದ್ರ ಕೈ ಸುಮ್ನ ಇಟ್ಕೋಬೇಕು."

"ಸರಿ. ಆದ್ರೂ ಒಂದ್ಮಾತು. ಹದಿನೆಂಟು ಬಣ್ಣ ಹಾಕಿದ್ರೆ ಚಾರ್ಟ್ ಅನ್ನಲ್ಲ, ನೂಡಲ್ಸ್ ಅಂತಾರೆ. ಎಲ್ಲಾ ಬೂದು ಮಾಡಿ, ಬತ್ತಿರೋದೊಂದೇ ಕೆಂಪಗಿರ್ಲಿ."

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕಾಗಿ ಅವನನ್ನು ಅವಳು ಇನ್ನೂ ಹೆಚ್ಚು ದ್ವೇಷಿಸಿದಳು.

ಒಂದು ಗೆರೆಗೆ ಮಾಡಿದ್ದನ್ನು ಮುಂದಿನದಕ್ಕೂ ತಾನೇ ಮಾಡಿಬಿಡುವ ಕೀ ಆಫೀಸಿನ ಎಕ್ಸೆಲ್‌ನಲ್ಲಿ ಚಾರ್ಟುಗಳಿಗೆ ಕೆಲಸ ಮಾಡುತ್ತಿರಲಿಲ್ಲ. ಕೈಯಲ್ಲೇ ಆಗಬೇಕು. ಅವನು ಕೀಬೋರ್ಡಿನ ಬಾಣ ಒತ್ತಿ ಒಂದೊಂದೇ ಗೆರೆ ಹಿಡಿದ. ಅವಳು ಮೌಸಿನಿಂದ ಬೂದು ಬಳಿದಳು. ಇಬ್ಬರ ಮೊಣಕೈಗಳ ನಡುವೆ ಒಂದು ಅಡಿಪಟ್ಟಿ ಇಡುವಷ್ಟು ಜಾಗ. ಅದು ಕಡಿಮೆಯಾದಾಗಲೆಲ್ಲ ಅವಳು ಕುರ್ಚಿ ಸರಿಸಿದಳು. ಕೊನೆಗೆ ಸರಿಸಲು ಗೋಡೆ ಅಡ್ಡ ಬಂತು.

"ಮೆಲ್ಲಕ ಒತ್ರಿ. ಎರಡು ಗೆರೆ ಜಿಗಿದ್ರಿ."

"ನಿಮ್ಮ ಉಂಗುರ ನೋಡ್ತಿದ್ದೆ."

"ಗೆರೆ ನೋಡ್ರಿ."

ಸ್ವಲ್ಪ ಹೊತ್ತಿನ ನಂತರ, ಪರದೆಯಿಂದ ಕಣ್ಣು ತೆಗೆಯದೆ, ಅವನೇ ಹೇಳಿದ. "ಈಸಿ ಆಗ್ಲಿ ಅಂದಿದ್ದು ಸುಳ್ಳು. ಫೈಲ್ ಮುಟ್ಟಿದ್ರೆ ಬೈಯೋಕಾದ್ರೂ ನನ್ ಹತ್ರ ಬರ್ತೀರ ಅಂತ ಮಾಡ್ದೆ. ನೀವು ನಂಗಿಷ್ಟ ಕಣ್ರೀ."

ಮೌಸ್ ನಿಂತಿತು.

"ಅದು ಗೊತ್ತೈತಿ. ಎರಡು ತಿಂಗಳಿಂದ ಗೊತ್ತೈತಿ. ಅದಕ್ಕ ಈ ಸಿಟ್ಟು. ನಿಮ್ಮ ಆಸೆಗೆ ನನ್ನ ಅನ್ನ ಯಾಕ ಪಣಕ್ಕ ಇಡ್ತೀರಿ?"

ಅವನು ಬಾಣ ಒತ್ತಿ ಮುಂದಿನ ಗೆರೆ ಹಿಡಿದ. ಚಾರ್ಟ್ ಮುಗಿದಾಗ ಹದಿನೇಳು ಬೂದು ಗೆರೆಗಳ ನಡುವೆ ಐದನೇ ಕ್ರಾಸಿನ ಬೋರು ಕೆಂಪಗೆ, ದಪ್ಪಗೆ ಕೆಳಗಿಳಿದಿತ್ತು. ಕುರುಡನಿಗೂ ಕಾಣುವಂತಿತ್ತು. ಬಾಲರಾಜ್ ಎದ್ದು ಸುಬ್ರಮಣಿಯ ಕ್ಯಾಬಿನ್ನಿಗೆ ಹೋದ. ಗಾಜಿನಾಚೆ ಅವನ ಬಾಯಿ ಆಡುವುದೂ ಮ್ಯಾನೇಜರ್ ಪೆನ್ನು ಕೆಳಗಿಡುವುದೂ ಕಂಡವು.

ಹೊರಬಂದವನು ಬ್ಯಾಗ್ ತೆಗೆದುಕೊಂಡ. "ಸಾರ್ಟ್ ಮಾಡಿದ್ದು ನಾನು ಅಂದೆ. ನಿಮ್ದು ಪರ್ಮನೆಂಟ್ ಆಯ್ತು. ನಂಗೆ ಸೋಮವಾರದಿಂದ ಫೀಲ್ಡು, ಸೋಲದೇವನಹಳ್ಳಿ ಕಡೆ. ರೀಡಿಂಗ್ ಫೋನಲ್ಲಿ ಹೇಳ್ತೀನಿ, ಬರ್ಕೊಳ್ಳಿ."

ರಕ್ಷಾ ಥ್ಯಾಂಕ್ಸ್ ಹೇಳಲಿಲ್ಲ. ತಪ್ಪು ಅವನದು, ಒಪ್ಪಿಕೊಂಡಿದ್ದಾನೆ, ಅಷ್ಟೇ. ಅವನು ಬಾಗಿಲು ತಲುಪಿದಾಗ ಮಾತ್ರ ಕರೆದಳು.

"ಫೋನಿನ್ಯಾಗ ಬ್ಯಾಡ. ದಿನಾ ಸಂಜಿಕೆ ನೀವ ತಂದು ಕೊಡ್ರಿ."

"ಅಷ್ಟ್ ದೂರದಿಂದ? ಬಂದ್ರೆ ಏನ್ ಸಿಗುತ್ತೆ?"

"ಬೈಗಳು," ಅಂದಳು ಅವಳು, ಕುರ್ಚಿಯನ್ನು ಗೋಡೆಯಿಂದ ಮೊದಲಿನ ಜಾಗಕ್ಕೆ ಎಳೆಯುತ್ತ. "ಅದು ಮುಗಿದ ಮ್ಯಾಲೆ ಚಾ."